ಹಿಮ್ಮೇಳದ ರಾಮಲಿಂಗ

ಬೆಳಗಾವಿಯ ವಡಗಾವಿ ಭಾಗದ ಮಗ್ಗದ ಓಣಿಯಲ್ಲಿ ರಾಮಲಿಂಗನ ಮನೆ ಯಾವುದೆಂದು ಕೇಳಿದರೆ ಜನ ಮನೆ ತೋರಿಸುವ ಮೊದಲು ಒಂದು ಸಲ ನಗುತ್ತಾರೆ. ನಗುವಂಥದ್ದೇನೂ ಆ ಮನುಷ್ಯನ ಮುಖದಲ್ಲಿಲ್ಲ. ಐವತ್ತೇಳರ ವಯಸ್ಸು, ನರೆತ ಮೀಸೆ, ಏರ್‌ಫೋರ್ಸಿನ ಇಪ್ಪತ್ತಾರು ವರ್ಷದಲ್ಲಿ ರೂಢಿಯಾದ ಇಸ್ತ್ರಿ ಅಂಗಿ. ನಗು ಬರುವುದು ಅವನ ಮಾತಿಗೆ. ಯಾರು ಏನೇ ಹೇಳಲಿ, ಅವರ ಕೊನೆಯ ಮಾತನ್ನು ತಿರುಗಿ ಹೇಳದೆ ಅವನಿಗೆ ಉತ್ತರ ಕೊಡಲು ಬರುವುದಿಲ್ಲ. “ಊಟಾ ಆತೇನ್ರಿ ರಾಮಲಿಂಗಣ್ಣಾ?” ಎಂದರೆ “ಊಟಾ ಆತು.” “ಇವತ್ತ ಭಾಳ ಥಂಡಿ” ಎಂದರೆ “ಭಾಳ ಥಂಡಿ.” ಅಷ್ಟಕ್ಕೆ ಮಾತು ಮುಗಿಯಿತು. ಓಣಿಯ ಮಗ್ಗಗಳು ಹೋದ ದಾರಿಯಲ್ಲೇ ತಿರುಗಿ ಬರುವ ಲಾಳಿಯ ಸದ್ದು ಮಾಡುತ್ತ ಬೆಳಗಿನಿಂದ ಖಟಖಟ ಎನ್ನುತ್ತಿರುತ್ತವೆ. ಬಾಡಿಗೆಗೆ ಮನೆ ಹುಡುಕುವಾಗ ಇದ್ದಬದ್ದ ಊರೆಲ್ಲ ಬಿಟ್ಟು ಇವನು ಇಲ್ಲಿಗೇ ಯಾಕೆ ಬಂದನೆಂದು ನನಗೆ ಬಹಳ ದಿನ ತಿಳಿದಿರಲಿಲ್ಲ. ಆ ಸದ್ದು ಕೇಳಿದ ಮೇಲೆ ತಿಳಿಯಿತು.

ಅವನ ಹೆಂಡತಿ ಬಾಳವ್ವ ಈ ಚಾಳಿಯನ್ನು ಮೂವತ್ತು ವರ್ಷದಿಂದ ಸಹಿಸಿಕೊಂಡು ಬಂದಿದ್ದಾಳೆ. ಮನೆಗೆ ಬಂದವರ ಮುಂದೆ ಒಂದು ಕಥೆ ಹೇಳದೆ ಬಿಡುವುದಿಲ್ಲ.

“ನನ್ನ ನೋಡಾಕ ಬಂದಾಗ ನಮ್ಮಪ್ಪ, ಹುಡುಗಿ ಮನಸಿಗೆ ಬಂದ್ಳೇನಪಾ ಅಂತ ಕೇಳಿದ. ಇವ್ರು, ಮನಸಿಗೆ ಬಂದ್ಳು ಅಂದ್ರು. ಹಂಗ ಮದವಿ ಆತು. ಖರೇನ ಮನಸಿತ್ತೋ, ಬರೇ ತಿರಗಿ ಅಂದ್ರೋ, ಇವತ್ತಿನ ತನಾ ನನಗ ಗೊತ್ತಾಗಿಲ್ಲ ನೋಡ್ರಿ.”

“ಗೊತ್ತಾಗಿಲ್ಲ,” ಎನ್ನುತ್ತಾನೆ ರಾಮಲಿಂಗ, ಚಹಾದ ಬಟ್ಟಲು ಹಿಡಿದು.

ಈ ಚಾಳಿ ಹುಟ್ಟಿದ್ದು ದೇಸೂರಿನ ಆಚೆಯ ಹಟ್ಟಿಯಲ್ಲಿ. ಅವರದು ಕುರಿ ಕಾಯುವ ಮನೆತನ. ಅಪ್ಪ ಡೊಳ್ಳಿನ ಪದ ಕಟ್ಟುತ್ತಿದ್ದ, ಹಾಡುತ್ತಿದ್ದ. ಡೊಳ್ಳಿನ ಪದದಲ್ಲಿ ಮುಮ್ಮೇಳದವರು ಒಂದು ಸಾಲನ್ನು ಎತ್ತಿ ಬಿಡುತ್ತಾರೆ, ಹಿಮ್ಮೇಳದವರು ಅದನ್ನೇ ಹಿಡಿದು ತಿರುಗಿ ಹಾಡುತ್ತಾರೆ. ಆ ಹೊತ್ತಿನಲ್ಲಿ ಮುಂದಿನವರಿಗೆ ಉಸಿರು ತೆಗೆದುಕೊಳ್ಳಲು, ಮುಂದಿನ ಸಾಲು ನೆನಪಿಸಿಕೊಳ್ಳಲು ಪುರುಸೊತ್ತು. ಅಪ್ಪ ಹೋದ ಮೇಲೆ ಮುಮ್ಮೇಳ ಹಿರಿಯ ಮಗ ಮಾಯಪ್ಪನ ಪಾಲಿಗೆ ಬಂತು. ಹಿಮ್ಮೇಳ ರಾಮಲಿಂಗನದು. ಮಾಯಪ್ಪನ ದನಿ ಎಂದರೆ ಹಳ್ಳದ ಆಚೆ ದಂಡೆಯ ಕುರಿ ತಲೆ ಎತ್ತಬೇಕು, ಅಂಥದ್ದು. ರಾಮಲಿಂಗನದು ಅದರ ಬೆನ್ನಿಗೆ ಕೈ ಇಟ್ಟು ನಡೆಯುವ ದನಿ. ಹಾಡಿನಲ್ಲಷ್ಟೇ ಅಲ್ಲ, ಬದುಕಿನಲ್ಲೂ ಅಣ್ಣ ಎತ್ತಿದ, ತಮ್ಮ ಹಿಡಿದ. ಸಾಲಿ ಕಲಿ ಎಂದ, ಕಲಿತ. ಸಾಂಬ್ರಾಕ್ಕೆ ಹೋಗಿ ಏರ್‌ಫೋರ್ಸಿನ ಭರ್ತಿಗೆ ನಿಲ್ಲು ಎಂದ, ನಿಂತ.

ಏರ್‌ಫೋರ್ಸಿನವರು ಅವನನ್ನು ರೇಡಿಯೋ ಕೆಲಸಕ್ಕೆ ಹಾಕಿದರು. ಅಲ್ಲಿ ಹೋಗಿ ನೋಡಿದರೆ ಅದೂ ಹಿಮ್ಮೇಳವೇ. ನೆಲದವರು ಹೇಳಿದ್ದನ್ನು ಮೇಲಿನವರು ಅಕ್ಷರ ಬಿಡದೆ ತಿರುಗಿ ಹೇಳಬೇಕು, ಮೇಲಿನವರು ಹೇಳಿದ್ದನ್ನು ನೆಲದವರು. ಉಳಿದ ಹುಡುಗರು ಬೈಸಿಕೊಂಡು ಬೈಸಿಕೊಂಡು ಕಲಿತದ್ದನ್ನು ಇವನು ಹುಟ್ಟುತ್ತಲೇ ಕಲಿತು ಬಂದಿದ್ದ. ಇಪ್ಪತ್ತಾರು ವರ್ಷ ದೇಶದ ನಾಲ್ಕು ಮೂಲೆಯಲ್ಲಿ ಇನ್ನೊಬ್ಬರ ಮಾತನ್ನು ತಪ್ಪಿಲ್ಲದೆ ತಿರುಗಿ ಹೇಳಿ, ಪೆನ್ಷನ್ ತೆಗೆದುಕೊಂಡು ಬೆಳಗಾವಿಗೆ ಬಂದ. ಬಂದು ಆರು ತಿಂಗಳೂ ಸುಮ್ಮನೆ ಕೂರಲಿಲ್ಲ. ಸಾಂಬ್ರಾದ ವಿಮಾನ ನಿಲ್ದಾಣದಲ್ಲಿ ಸಣ್ಣ ವಿಮಾನ ಹಾರಿಸಲು ಕಲಿಸುವ ಒಂದು ಶಾಲೆ, ಆ ಶಾಲೆಯ ರೇಡಿಯೋ ಕೋಣೆ, ಅಲ್ಲಿ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಹನ್ನೊಂದು ವರ್ಷ.

ಕೋಣೆ ಎಂದರೆ ಹ್ಯಾಂಗರಿನ ಪಕ್ಕದ ತಗಡಿನ ಚಾವಣಿ. ಒಂದು ರೇಡಿಯೋ ಸೆಟ್ಟು, ಒಂದು ಗೋಡೆ ಗಡಿಯಾರ, ಹೊತ್ತು ಬರೆದಿಡುವ ಒಂದು ರಿಜಿಸ್ಟರು, ವಿಮಾನಗಳ ಏರಿಳಿತ ನೋಡಿಕೊಳ್ಳುವ ಟವರಿಗೆ ಹೋಗುವ ಒಂದು ಫೋನು. ಗೋಡೆಯ ಮೇಲೆ ಅಂಟಿಸಿದ ಕಾಗದದಲ್ಲಿ ಅವನ ಕೆಲಸ ಒಂದೇ ಸಾಲಿನಲ್ಲಿತ್ತು. ರೇಡಿಯೋ ಕೋಣೆಯವರು ಸಂದೇಶ ಮುಟ್ಟಿಸಬೇಕು, ಸೂಚನೆ ಕೊಡಬಾರದು. ಸೂಚನೆ ಕೊಡುವವರು ಶಿಕ್ಷಕರು ಮತ್ತು ಟವರಿನವರು. ಈ ನಿಯಮ ಬರೆದವರ ಮೇಲೆ ರಾಮಲಿಂಗನಿಗೆ ಮನಸ್ಸಿನಲ್ಲೇ ಪ್ರೀತಿ ಇತ್ತು.

ಮಧ್ಯಾಹ್ನದ ಹೊತ್ತು ಆ ಕೋಣೆಯಲ್ಲಿ ಕೂತರೆ ಅರ್ಧ ನಿದ್ದೆ, ಅರ್ಧ ಎಚ್ಚರ. ಸೆಟ್ಟಿನಿಂದ ಸಣ್ಣಗೆ ಗಾಳಿ ಸುರಿಯುವಂಥ ಸದ್ದು. ಅದರ ನಡುವೆ ಒಂದು ಎಳೆಯ ದನಿ ಎದ್ದು, ತಾನು ಇಂಥ ಊರಿನ ಮೇಲಿದ್ದೇನೆ ಎನ್ನುತ್ತದೆ. ಇವನು ಆ ಊರಿನ ಹೆಸರನ್ನು ತಿರುಗಿ ಹೇಳುತ್ತಾನೆ. ಹೇಳುವಾಗ ಆ ಊರು ಅವನ ಕಣ್ಣ ಮುಂದೆ ಬರುತ್ತದೆ, ಮೇಲಿನಿಂದಲ್ಲ, ಕಾಲ ಕೆಳಗಿನಿಂದ. ಇಲ್ಲಿ ಬಾವಿ, ಇಲ್ಲಿ ಜಾಲಿ ಗಿಡ, ಇಲ್ಲಿ ಅಪ್ಪ ಕಂಬಳಿ ಹಾಸಿದ್ದ. ಅವನು ವಿಮಾನ ಹಾರಿಸಿದವನಲ್ಲ. ಆದರೂ ಆ ಹನ್ನೊಂದು ವರ್ಷ ಪ್ರತಿದಿನ ಹಾರಿದ್ದಾನೆ ಎಂದು ನಾನು ಹೇಳಿದರೆ ಯಾರೂ ಜಗಳಕ್ಕೆ ಬರಬಾರದು.

ಈಗಿನ ಮಕ್ಕಳು ಹಾರುವ ರೀತಿ ಬೇರೆ. ತೊಡೆಗೆ ಪಟ್ಟಿ ಕಟ್ಟಿ ಟ್ಯಾಬ್ ಕೂರಿಸಿಕೊಳ್ಳುತ್ತಾರೆ. ಅದರಲ್ಲಿ ನಕ್ಷೆ, ನಕ್ಷೆಯ ಮೇಲೆ ಒಂದು ನೀಲಿ ಚುಕ್ಕೆ. ಉಪಗ್ರಹದ ಸಂಕೇತ ಹಿಡಿದು ಚುಕ್ಕೆ ಓಡುತ್ತದೆ. ಚುಕ್ಕೆ ಎಲ್ಲಿದೆಯೋ ತಾವೂ ಅಲ್ಲೇ ಇದ್ದೇವೆಂದು ನಂಬಿ, ಕಿಟಕಿಯ ಹೊರಗೆ ನೋಡುವುದನ್ನೇ ಬಿಟ್ಟಿರುತ್ತಾರೆ. ಆ ವರ್ಷ ಈ ಚುಕ್ಕೆ ಆಗಾಗ ಕೈಕೊಡತೊಡಗಿತು. ಈ ವಾರ ಉಪಗ್ರಹದ ದಾರಿಯನ್ನು ನೆಚ್ಚಬೇಡಿ ಎಂಬ ಸೂಚನೆ ಬರುತ್ತಿತ್ತು. ಯಾಕೆ ಎಂದು ಅದರಲ್ಲಿ ಬರೆದಿರುತ್ತಿರಲಿಲ್ಲ. ಕೆಲವು ದಿನ ಚುಕ್ಕೆ ನಿಂತಲ್ಲೇ ನಿಲ್ಲುತ್ತಿತ್ತು. ಒಮ್ಮೆಯಂತೂ ಖಾನಾಪುರದ ಹಂಚಿನ ಕಾರ್ಖಾನೆಗಳ ಮೇಲೆ ಹಾರುತ್ತಿದ್ದ ಹುಡುಗನೊಬ್ಬನನ್ನು ಗೋವೆಯ ಆಚೆ, ನಡುಸಮುದ್ರದಲ್ಲಿ ಕೂರಿಸಿತು. ಇಳಿದು ಬಂದು ಚಹಾ ಕುಡಿಯುವಾಗ ಆ ಹುಡುಗ, “ನೀರು ಕಾಣಲಿಲ್ಲರೀ, ಆದ್ರೂ ಕಾಲು ಒದ್ದಿ ಆದಂಗ ಅನಿಸ್ತು,” ಎಂದ.

“ಒದ್ದಿ ಆದಂಗ ಅನಿಸ್ತು,” ಎಂದ ರಾಮಲಿಂಗ. ಅವನಿಗೂ ಹಾಗೆಯೇ ಅನಿಸಿತ್ತು.

ಶಾಲೆಯ ಮುಖ್ಯ ಶಿಕ್ಷಕಿ ನಾಗರತ್ನಾ ಮೇಡಂ ಇದಕ್ಕೆಲ್ಲ ಹೆದರುವವರಲ್ಲ. ಅವರು ಎಲ್ಲರ ಟ್ಯಾಬಿಗೂ ಬಟ್ಟೆ ಮುಚ್ಚಿಸಿ ಹಳೆಯ ಪಾಠ ಶುರು ಮಾಡಿದರು. ದಿಕ್ಸೂಚಿ, ಗಡಿಯಾರ, ಕಾಗದದ ನಕ್ಷೆ. ಗೊತ್ತಿರುವ ಒಂದು ಜಾಗದ ಮೇಲೆ ಬಂದಾಗ ಗಡಿಯಾರ ಒತ್ತು. ಇಷ್ಟು ನಿಮಿಷ ಇದೇ ದಿಕ್ಕು ಹಿಡಿ. ನಿಮಿಷ ಮುಗಿದಾಗ ಕೆಳಗೆ ನೋಡು, ಕೆರೆಯೋ ರೈಲು ಹಳಿಯೋ ಕಾಣಬೇಕು. ಕಂಡರೆ ತಿರುಗು, ಮತ್ತೆ ಒತ್ತು. “ಗಡಿಯಾರ ಒತ್ತಾಕ ಮರತವರು ದಾರಿ ಮರತಂಗ,” ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ಒತ್ತಲು ಮರೆಯುವುದರಲ್ಲಿ ಶಾಲೆಗೇ ಮೊದಲಿಗಳು ಪ್ರಮಿಳಾ. ಮಾಯಪ್ಪನ ಮಗಳು, ಇಪ್ಪತ್ತೆರಡು ವರ್ಷ, ಸರಕಾರದ ಯೋಜನೆಯಲ್ಲಿ ಸೀಟು ಗಿಟ್ಟಿಸಿ ಕಾಕನ ಮನೆಯಿಂದಲೇ ಶಾಲೆಗೆ ಹೋಗುತ್ತಿದ್ದಳು. ದಿಕ್ಕು ತಪ್ಪುತ್ತಿರಲಿಲ್ಲ, ನಕ್ಷೆ ತಪ್ಪುತ್ತಿರಲಿಲ್ಲ. ತಿರುವು ಬಂದಾಗ ಮಾತ್ರ ಕೆಳಗಿನ ನೆಲ ನೋಡುತ್ತ ಮೈಮರೆಯುತ್ತಿದ್ದಳು, ಗುಂಡಿ ಹಾಗೇ ಉಳಿಯುತ್ತಿತ್ತು. ಒಂದು ಭಾನುವಾರ ಕಾಕ, ಮಗಳು ಸೇರಿ ಇದಕ್ಕೊಂದು ಉಪಾಯ ಹುಡುಕಿದರು. ಅಜ್ಜ ಕಟ್ಟಿದ ದಾರಿಯ ಪದವೊಂದಿತ್ತು. ಕುರಿಮಂದೆ ಯಾವ ಹಳ್ಳ ದಾಟಿ ಎಲ್ಲಿ ತಂಗಬೇಕು ಎಂಬುದನ್ನು ಒಂದೊಂದು ನುಡಿಯಲ್ಲಿ, ಎಂದರೆ ಚರಣದಲ್ಲಿ, ಹೇಳುವ ಪದ. ಪ್ರತಿ ನುಡಿಯ ಕೊನೆಗೆ ಒಂದೇ ಸೊಲ್ಲು:

ಮುಂದಿನ ಕುರಿಯೇ ತಡಿ ತಡಿಯೇ,
ಹಿಂದಿನ ಮರಿಯು ಬರತೈತಿ.

ಪ್ರಮಿಳಾ ಎತ್ತಿದಳು, ರಾಮಲಿಂಗ ಹಿಡಿದ, ಬಾಳವ್ವ ಗಡಿಯಾರ ಹಿಡಿದು ಕೂತಳು. ಒಂದು ನುಡಿಗೆ ಸರಿಯಾಗಿ ಒಂದು ನಿಮಿಷ. ಹತ್ತು ಸಲ ಹಾಡಿದರೂ ಅಷ್ಟೇ. ಗಡಿಯಾರ ಮರೆತರೂ ಪದ ಮರೆಯುವುದಿಲ್ಲವಲ್ಲ ಎಂದು ಮೂವರೂ ಖುಷಿಪಟ್ಟರು. ಅಂದು ಆ ಮನೆಯಲ್ಲಿ ಒಂದು ತಪ್ಪು ಆಯಿತು. ಡೊಳ್ಳಿನ ಪದದವರ ಮನೆಯಲ್ಲಿ ಮಾತ್ರ ಆಗಬಹುದಾದ ತಪ್ಪು. ಮೂವರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ.

ಅದು ದಸರೆಗೆ ಮೊದಲಿನ ಮಾತು. ದಸರೆಯ ನಂತರ ಮಾಯಪ್ಪನ ಗಂಟಲಲ್ಲಿ ಗಂಟು ಕಂಡಿತು. ನೆಹರು ನಗರದ ದೊಡ್ಡ ಆಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಹಳ್ಳದ ಆಚೆಯ ಕುರಿಯನ್ನು ಎಬ್ಬಿಸುತ್ತಿದ್ದ ಮನುಷ್ಯ ಈಗ ಮಂಚದ ಮೇಲೆ ಕೂತು ಪಾಟಿಯ ಮೇಲೆ ಬಳಪದಿಂದ ‘ನೀರು’ ಎಂದು ಬರೆಯುತ್ತಿದ್ದ. ರಾಮಲಿಂಗ ಪಾಟಿ ನೋಡಿ “ನೀರು” ಎನ್ನುತ್ತಿದ್ದ, ತಂದು ಕೊಡುತ್ತಿದ್ದ, ಹೊರಗೆ ವರಾಂಡದಲ್ಲಿ ನಿಂತು ಅಳುತ್ತಿದ್ದ. ತಂಡದವರು ಬಂದು, “ಇನ್ನ ಪದಾ ನೀವ ಎತ್ರಿ,” ಎಂದರು. “ನೀವ ಎತ್ರಿ,” ಎಂದ ಇವನು. ಅಲ್ಲಿಂದ ಮುಂದೆ ಅವನು ಹಾಡಲಿಲ್ಲ. ಎತ್ತುವವರೇ ಇಲ್ಲದಾಗ ಹಿಮ್ಮೇಳದವನು ತಿರುಗಿ ಹಾಡುವುದಾದರೂ ಏನನ್ನು?

ಡಿಸೆಂಬರಿನ ಒಂದು ಗುರುವಾರ ಪ್ರಮಿಳಾ ಒಬ್ಬಳೇ ದೂರದ ದಾರಿ ಹಾರಬೇಕಾದ ದಿನ ಬಂತು. ಹಿಂದಿನ ಸಂಜೆ ಆಸ್ಪತ್ರೆಗೆ ಹೋಗಿ, “ಅಪ್ಪಾ, ಇನ್ನೊಂದು ವಾರ ಬಿಟ್ಟು ಹಾರತೇನಿ, ನೀ ಮನಿಗೆ ಬಾ ಮೊದಲ,” ಎಂದಿದ್ದಳು. ಮಾಯಪ್ಪ ಪಾಟಿಯ ಮೇಲೆ ‘ಹಾರು’ ಎಂದು ದೊಡ್ಡದಾಗಿ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಿದ್ದ.

ದಾರಿ ಹೀಗಿತ್ತು. ಸಾಂಬ್ರಾದಿಂದ ಎದ್ದು ರೈಲು ಹಳಿ ಹಿಡಿದು ದೇಸೂರ, ಅಲ್ಲಿಂದ ಖಾನಾಪುರ. ಖಾನಾಪುರದ ಮೇಲಿಂದ ಬೀಡಿಯ ದಿಕ್ಕಿಗೆ ಏಳು ನಿಮಿಷ. ಅಲ್ಲೊಂದು ದೊಡ್ಡ ಕೆರೆ. ಕೆರೆಯ ಮೇಲೆ ಎಡಕ್ಕೆ ತಿರುಗಿದರೆ ಸಾಂಬ್ರಾದವರೆಗೂ ಸಮತಟ್ಟು ಹೊಲ, ಹೆದರುವಂಥದ್ದೇನೂ ಇಲ್ಲ. ಹೆದರುವಂಥದ್ದು ಆ ದಾರಿಯ ಪಡುವಣಕ್ಕಿದೆ, ಯಳ್ಳೂರಿನ ಕೋಟೆಗುಡ್ಡ.

ಅಂದು ಇಬ್ಬನಿಯ ಜೊತೆಗೆ ಇಟ್ಟಂಗಿ ಭಟ್ಟಿಗಳ ಹೊಗೆ ಸೇರಿ ಹೊಲಗಳ ಮೇಲೆ ಹಾಲಿನ ಕೆನೆಯ ಹಾಗೆ ನಿಂತಿತ್ತು. ಮೂಡಗಾಳಿ ಬೀಸುತ್ತಿತ್ತು. ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಪ್ರಮಿಳಾಳ ದನಿ ಬಂತು, ಖಾನಾಪುರದ ಮೇಲಿದ್ದೇನೆ ಎಂದಿತು. ರಾಮಲಿಂಗ ತಿರುಗಿ ಹೇಳಿದ, ರಿಜಿಸ್ಟರಿನಲ್ಲಿ ಬರೆದ. ಆಮೇಲೆ ಸೆಟ್ಟಿನಲ್ಲಿ ಗಾಳಿ ಸುರಿಯುವ ಸದ್ದಷ್ಟೇ ಉಳಿಯಿತು. ಅವನು ಕಣ್ಣು ಮುಚ್ಚಿದ. ಮಲಪ್ರಭೆಯ ನೀರು ಕಂಡಿತು, ಹಂಚಿನ ಕಾರ್ಖಾನೆಯ ಕೆಂಪು ಮಣ್ಣಿನ ರಾಶಿ ಕಂಡಿತು. ಅಪ್ಪ ಮುಂದೆ, ಅಣ್ಣ ಅವನ ಹಿಂದೆ, ತಾನು ಎಲ್ಲರಿಗಿಂತ ಹಿಂದೆ ಕುಂಟುವ ಮರಿಯೊಂದನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದಂತೆ ಅನಿಸಿತು. ಮರಿಯ ಎದೆ ತನ್ನ ಕಿವಿಯ ಪಕ್ಕದಲ್ಲಿ ಡವಡವ ಎನ್ನುತ್ತಿತ್ತು.

“ಕಾಕಾ, ಕೇಳಸ್ತೈತೇನ?”

ರೇಡಿಯೋದಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಆಡಬಾರದೆಂಬುದು ಕಟ್ಟುನಿಟ್ಟು. ಕನ್ನಡ ಕೇಳಿದ ಕೂಡಲೇ ಮಗಳು ಹೆದರಿದ್ದಾಳೆಂದು ರಾಮಲಿಂಗನಿಗೆ ತಿಳಿಯಿತು.

“ಕೇಳಸ್ತೈತಿ.”

“ಟ್ಯಾಬಿನ ಬಟ್ಟಿ ತಗದು ನೋಡಿದೆ, ಚುಕ್ಕಿ ಖಾನಾಪುರದ ಮ್ಯಾಲೆನ ನಿಂತ ಬಿಟ್ಟೈತಿ. ನಾ ನಕ್ಷಾ ನೋಡ್ಕೋತ ಬಂದೇನಿ. ಕೆರಿ ಬಂತು, ಎಡಕ್ಕ ತಿರಗಿದೆ. ಈಗ ಮನಿ ಕಡೆ ಬರಾಕತ್ತೇನಿ. ಮುಂದೇನೂ ಕಾಣವಲ್ದು. ಕೆಳಗ ಇಳಿದ್ರ ನೆಲಾ ಕಾಣಸ್ತೈತಿ ಅನಸ್ತೈತಿ.”

ರಾಮಲಿಂಗ ಫೋನ್ ಎತ್ತಿದ. ನಾಗರತ್ನಾ ಮೇಡಂ ಆ ಹೊತ್ತಿಗೆ ಟವರಿನಲ್ಲೇ ಇದ್ದರು. ಪ್ರಯಾಣಿಕರ ದೊಡ್ಡ ವಿಮಾನವೊಂದು ಇಳಿಯಲು ಬರುತ್ತಿತ್ತು, ಅಲ್ಲಿಯವರೆಲ್ಲ ಅದರ ಗಡಿಬಿಡಿಯಲ್ಲಿದ್ದರು. ಪ್ರಮಿಳಾ ಹೇಳಿದ್ದನ್ನು ಇವನು ಹೇಳಿದಂತೆಯೇ ಹೇಳಿದ.

“ಕೆರಿ ದಾಟ್ಯಾಳಂದ್ರ ಮುಂದೆಲ್ಲಾ ಬಯಲು,” ಎಂದರು ಮೇಡಂ. “ದೊಡ್ಡ ವಿಮಾನ ಮ್ಯಾಲಿಂದ ಬರಾಕತ್ತೈತಿ. ಆಕಿಗೆ ಐನೂರು ಅಡಿ ಕೆಳಗ ಇಳದು ಬಾ ಅಂತ ಹೇಳ್ರಿ ರಾಮಲಿಂಗ ಅವ್ರ.”

“ಐನೂರು ಅಡಿ ಕೆಳಗ ಇಳದು ಬಾ.”

“ಹಾಂ.”

ಅವನು ಸೆಟ್ಟಿನ ಗುಂಡಿ ಒತ್ತಿದ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇಳಿಸುವ ಮೊದಲು ಹೊತ್ತು ಬರೆಯಬೇಕು, ಅದು ರೂಢಿ.

“ತಡಿ ಯವ್ವಾ. ಗಡಿಯಾರ ಏನಂತೈತಿ?”

ರಾಮಲಿಂಗ ರಿಜಿಸ್ಟರು ಎಳೆದುಕೊಂಡ.

“ಒತ್ತಾಕ ಮರತೇನಿ ಕಾಕಾ. ಪದಾ ಹಾಡ್ಕೋತ ಬಂದೇನಿ. ಏಳನೇ ನುಡಿಗೆ ಕೆರಿ ಬಂತು. ತಿರಗಿದ ಮ್ಯಾಲೆ ನಾಕು ಆದವು.”

ಏಳು, ನಾಲ್ಕು, ಹನ್ನೊಂದು. ರಾಮಲಿಂಗ ಗೋಡೆ ನೋಡಿದ. ಹತ್ತು ಗಂಟೆ ಹದಿನೆಂಟು ನಿಮಿಷ ಆಗಿರಲಿಲ್ಲ. ಖಾನಾಪುರ ಬಿಟ್ಟು ಆರು ನಿಮಿಷವೂ ತುಂಬಿಲ್ಲ, ನುಡಿ ಹನ್ನೊಂದು ಮುಗಿದಿವೆ. ಗೋಡೆಯ ಗಡಿಯಾರ ನಿಂತಿತೇನೋ ಎಂದು ತನ್ನ ಕೈಗಡಿಯಾರ ನೋಡಿದ. ಅದೂ ಅದನ್ನೇ ಹೇಳಿತು. ಹೆದರಿಕೆಗೆ ಹುಡುಗಿ ಓಡಿಸಿಕೊಂಡು ಹಾಡಿರಬೇಕು ಎಂದುಕೊಂಡ. ಎಷ್ಟು ಓಡಿಸಿದರೂ ಡೊಳ್ಳಿನ ಪದ ಅರ್ಧಕ್ಕರ್ಧ ಓಡುವುದಿಲ್ಲ. ಅರ್ಧಕ್ಕರ್ಧ ಎಂದುಕೊಂಡ ಕೂಡಲೇ ಅವನು ಮತ್ತೆ ಗುಂಡಿ ಒತ್ತಿದ.

“ಒಬ್ಬಾಕಿನ ಹಾಡಿದೆ?”

“ಇಲ್ಲಿ ಮತ್ಯಾರದಾರ ಕಾಕಾ?”

ಯಾರೂ ಇರಲಿಲ್ಲ. ಆ ಪುಟ್ಟ ವಿಮಾನದಲ್ಲಿ ಹಿಮ್ಮೇಳ ಇರಲಿಲ್ಲ. ಅಂದು ಮನೆಯಲ್ಲಿ ಬಾಳವ್ವ ಅಳೆದ ಒಂದು ನಿಮಿಷದಲ್ಲಿ ಅರ್ಧ ಪ್ರಮಿಳಾಳದು, ಅರ್ಧ ಅವನದು. ಅವನ ಅರ್ಧ ಇಲ್ಲಿ ಕುರ್ಚಿಯ ಮೇಲೆ ಕೂತಿತ್ತು. ಅವಳು ಒಂದು ಸಾಲು ಮುಗಿಸಿ ನೇರ ಮುಂದಿನ ಸಾಲಿಗೆ ಹೋಗಿದ್ದಳು, ಏಳು ನಿಮಿಷದ ದಾರಿಯನ್ನು ಮೂರೂವರೆ ನಿಮಿಷದಲ್ಲಿ ಹಾಡಿ ಮುಗಿಸಿದ್ದಳು. ಕೆಳಗೆ ಕಂಡದ್ದು ನಡುದಾರಿಯ ಯಾವುದೋ ಸಣ್ಣ ಕೆರೆ. ಮಂಜಿನಲ್ಲಿ ಎಲ್ಲ ಕೆರೆಯೂ ದೊಡ್ಡದೇ.

ಅಲ್ಲಿಂದ ಎಡಕ್ಕೆ ತಿರುಗಿದ್ದಾಳೆ. ಮೂಡಗಾಳಿ ಅವಳನ್ನು ಇನ್ನಷ್ಟು ಪಡುವಣಕ್ಕೆ ತಳ್ಳುತ್ತಿದೆ. ಅವಳ ಮುಂದಿರುವುದು ಬಯಲಲ್ಲ, ಯಳ್ಳೂರಿನ ಗುಡ್ಡ. ಐನೂರು ಅಡಿ ಕೆಳಗೆ ಇಳಿದರೆ ಗುಡ್ಡಕ್ಕೆ ಸರಿಸಮ. ಇದನ್ನೆಲ್ಲ ಮೇಡಮ್ಮನಿಗೆ ಬಿಡಿಸಿ ಹೇಳಿ, ಅವರು ಟವರಿನವರಿಗೆ ಹೇಳಿ, ಅಲ್ಲಿಂದ ಸೂಚನೆ ತಿರುಗಿ ಬರುವವರೆಗೆ ಎಷ್ಟು ಹೊತ್ತು? ಮಂಜಿನಲ್ಲಿ ನೆಲ ಕಾಣದ ಹುಡುಗಿ ಅಷ್ಟು ಹೊತ್ತು ಇಳಿಯದೆ ತಡೆಯುತ್ತಾಳೆಯೆ?

ಬೆರಳು ಗುಂಡಿಯ ಮೇಲೇ ಇತ್ತು. ತಿರುಗಿ ಹೇಳಬೇಕಾದ ಮಾತು ಬಾಯಲ್ಲೇ ಇತ್ತು. ಐವತ್ತೇಳು ವರ್ಷದಲ್ಲಿ ಕಿವಿಗೆ ಬಿದ್ದದ್ದನ್ನು ತಿರುಗಿ ಹೇಳದೆ ನುಂಗಿದವನಲ್ಲ ಅವನು. ಅಣ್ಣ ಇಲ್ಲಿ ಇದ್ದಿದ್ದರೆ ಏನು ಹೇಳುತ್ತಿದ್ದ ಎಂದು ಒಂದು ಗಳಿಗೆ ಹುಡುಕಿದ. ಅಣ್ಣನ ದನಿ ಎಲ್ಲೂ ಸಿಗಲಿಲ್ಲ.

“ಇಳೀಬ್ಯಾಡ,” ಎಂದ ರಾಮಲಿಂಗ. “ಮ್ಯಾಲೆ ಏರು. ಈಗಿಂದೀಗ ಮ್ಯಾಲೆ ಏರು.”

ಗಾಳಿ ಸುರಿಯಿತು. ಆಮೇಲೆ ಆ ಎಳೆಯ ದನಿ ಬಂತು.

“ಮ್ಯಾಲೆ ಏರತೇನಿ.”

ಅವನು ಮೊದಲು ಎತ್ತಿದ ಮಾತನ್ನು ಇನ್ನೊಬ್ಬರು ತಿರುಗಿ ಹೇಳಿದ್ದು ಅವನ ಜೀವಮಾನದಲ್ಲಿ ಅದೇ ಮೊದಲು. ಅದು ಅವನಿಗೆ ತಿಳಿದದ್ದು ಬಹಳ ಹೊತ್ತಿನ ಮೇಲೆ. ಆಗ ಅವನ ಇನ್ನೊಂದು ಕೈಯಲ್ಲಿ ಫೋನಿತ್ತು.

“ಮೇಡಂರಿ, ನಾ ಆಕಿಗೆ ಏರಾಕ ಹೇಳೇನ್ರಿ. ಯಳ್ಳೂರ ಗುಡ್ಡದ ಕಡೆ ಅದಾಳ. ಆ ದೊಡ್ಡ ವಿಮಾನ ತಡೀರಿ.”

“ಯಾರು ಹೇಳಿದ್ರು ಏರಾಕ?”

“ನಾನ ಹೇಳೇನ್ರಿ.”

ಹನ್ನೊಂದು ವರ್ಷದಲ್ಲಿ ಈ ಮನುಷ್ಯನ ಬಾಯಿಂದ ‘ನಾನು’ ಎಂಬ ಮಾತು ಕೇಳಿರಲಿಲ್ಲ ಮೇಡಂ. ಬಹುಶಃ ಅದಕ್ಕೇ ನಂಬಿದರು. ಫೋನಿನಲ್ಲೇ ಅವರು ಟವರಿನವರ ಕಡೆ ತಿರುಗಿ ಏನೋ ಕೂಗಿದ್ದು ಕೇಳಿಸಿತು. ಮಂಜಿನ ಮೇಲಿನ ಬಿಸಿಲಿನಲ್ಲಿ ಆ ದೊಡ್ಡ ವಿಮಾನ ಇಳಿಯುವುದು ಬಿಟ್ಟು ಮೂಡಣಕ್ಕೆ ಹೊರಳಿ ಒಂದು ಸುತ್ತು ಹಾಕಲು ಹೋಯಿತು. ಒಳಗೆ ಕೂತವರು ಮೊಬೈಲ್ ತೆಗೆದು, ಯಾಕೆ ತಡ ಎಂದು ಬೇಸರಪಟ್ಟಿರಬೇಕು. ಹಿಂದೆ ಒಂದು ಮರಿ ಬರುತ್ತಿದೆ ಎಂದು ಅವರಿಗೆ ಹೇಗೆ ತಿಳಿಯಬೇಕು?

ರಾಮಲಿಂಗ ಕಾದ. ಗಡಿಯಾರದ ಮುಳ್ಳು ಅರ್ಧ ಸುತ್ತಿತು, ಇನ್ನರ್ಧ ಸುತ್ತಿತು. ತಾನು ಲೆಕ್ಕ ತಪ್ಪಿದ್ದರೆ? ಗುಡ್ಡ ಇಲ್ಲದಿದ್ದರೆ, ಸುಮ್ಮನೆ ಹುಡುಗಿಯನ್ನು ದೊಡ್ಡ ವಿಮಾನದ ದಾರಿಗೆ ಏರಿಸಿದ್ದರೆ?

“ಕಾಕಾ.”

“ಹೇಳು.”

“ಬಿಸಿಲಿಗೆ ಬಂದೆ. ಕೆಳಗೆಲ್ಲಾ ಬೆಳ್ಳಗ ಐತಿ. ಅದರಾಗಿಂದ ಒಂದು ಗುಡ್ಡದ ನೆತ್ತಿ ಕಾಣಾಕತ್ತೈತಿ, ನನ್ನ ಮುಂದನ. ಕ್ವಾಟಿ ಗ್ವಾಡಿ ಕಾಣಸ್ತೈತಿ. ಇಲ್ಲಿ ಗುಡ್ಡ ಇರಬಾರದಿತ್ತು ಕಾಕಾ.”

“ಗುಡ್ಡ ಅಲ್ಲೇ ಐತಿ ಯವ್ವಾ. ನೀ ಅಲ್ಲಿ ಇರಬಾರದಿತ್ತು.”

ಅವಳು ನಕ್ಕಳೋ ಅತ್ತಳೋ ಸೆಟ್ಟಿನಲ್ಲಿ ಗೊತ್ತಾಗಲಿಲ್ಲ. ಮೇಲೆ ಬಂದ ಮೇಲೆ ಅವಳ ವಿಮಾನದಲ್ಲಿ ಸಾಂಬ್ರಾದ ನೆಲದ ಸ್ಟೇಷನ್ನಿನ ಸಂಕೇತ ಹಿಡಿದು ಅದರ ಕಡೆ ತಿರುಗುವ ಮುಳ್ಳೂ ನಿದ್ದೆಯಿಂದ ಎದ್ದಿತ್ತು. ಕೆಳಗಿದ್ದಾಗ ಗುಡ್ಡದ ಮರೆಯಲ್ಲಿ ಅದಕ್ಕೆ ಏನೂ ಕೇಳಿಸಿರಲಿಲ್ಲ.

“ಗುಡ್ಡ ಎಡಕ್ಕ ಬಿಟ್ಟು ಬಾ,” ಎಂದ ರಾಮಲಿಂಗ. “ಮುಳ್ಳು ನೋಡ್ಕೋತ ಹಾಡು. ಒಂದೊಂದು ಸಾಲಿಗೂ ನನ್ನ ಪಾಳಿ ಬಿಡು. ಆರು ನುಡಿಗೆ ರನ್‌ವೇ ಕಾಣಸ್ತೈತಿ.”

“ನಿನ್ನ ಪಾಳಿ ಬಿಟ್ಟು ಹಾಡತೇನಿ.”

ಅವಳು ಸಾಲು ಹಾಡಿದಳು, ಸಾಲಿನಷ್ಟೇ ಹೊತ್ತು ಸುಮ್ಮನಿದ್ದಳು, ಮತ್ತೆ ಹಾಡಿದಳು. ಅದು ರೇಡಿಯೋದಲ್ಲಿ ಕೇಳುವ ಹಾಗಿರಲಿಲ್ಲ. ಇವನೂ ಗುಂಡಿ ಒತ್ತಲಿಲ್ಲ, ತುಟಿಯಲ್ಲೇ ತನ್ನ ಪಾಳಿ ಹಾಡಿಕೊಂಡ. ನಡುವೆ ಮೈಲಿಗಟ್ಟಲೆ ಮಂಜು. ಆದರೂ ಆರನೆಯ ನುಡಿಯ ಕೊನೆಯ ಸೊಲ್ಲಿಗೆ ಇವನು ಬಂದಾಗ ಹ್ಯಾಂಗರಿನ ಆಚೆ ಸಣ್ಣ ಇಂಜಿನಿನ ಸದ್ದು ಕೇಳಿಸಿತು. ತಗಡಿನ ಚಾವಣಿ ಹಗುರಾಗಿ ನಡುಗಿತು.

ಪ್ರಮಿಳಾ ಬಂದು ಕೋಣೆಯ ಬಾಗಿಲಲ್ಲಿ ನಿಂತಳು. ಕುಂದರು ಎನ್ನುವ ಮೊದಲೇ ನೆಲದ ಮೇಲೆ ಕೂತಳು. ಅವಳ ಹಿಂದೆಯೇ ನಾಗರತ್ನಾ ಮೇಡಂ. ಗೋಡೆಯ ಮೇಲಿನ ಕಾಗದವನ್ನು ಒಮ್ಮೆ ನೋಡಿದರು, ರಾಮಲಿಂಗನನ್ನು ಒಮ್ಮೆ ನೋಡಿದರು.

“ನಾ ಹೇಳಿದ ಮಾತು ನೀವು ಮುಟ್ಟಸಲಿಲ್ಲ. ಯಾಕಂತ ಬರದು ಕೊಡಬೇಕಾಗ್ತದ ರಾಮಲಿಂಗ ಅವ್ರ.”

“ಬರದು ಕೊಡತೇನ್ರಿ.”

“ಬರೀರಿ,” ಎಂದು ಮೇಡಂ ಕುರ್ಚಿ ಎಳೆದುಕೊಂಡು ಕೂತರು. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ಮೊದಲ ಸ್ವಲ್ಪ ಚಹಾ ಕುಡೀಲಿಕ್ಕೆ ಕೊಡ್ರಿ ನನಗ.”

ಅವನು ಬರೆದ ಕಾಗದ ಇಂದಿಗೂ ಶಾಲೆಯ ಫೈಲಿನಲ್ಲಿದೆ. ‘ಹುಡುಗಿ ಹಿಮ್ಮೇಳ ಬಿಟ್ಟು ಹಾಡಿದ್ದರಿಂದ ದಾರಿ ಅರ್ಧ ಆಗಿತ್ತು’ ಎಂದು ಒಂದೇ ಸಾಲು. ಅದನ್ನು ಓದಿದ ಮೇಲಿನವರು ಏನು ತಿಳಿದರೋ ಗೊತ್ತಿಲ್ಲ, ತಿರುಗಿ ಕೇಳಲಿಲ್ಲ.

ಅಂದು ಸಂಜೆ ಭೇಟಿಯ ಹೊತ್ತಿಗೆ ರಾಮಲಿಂಗ, ಬಾಳವ್ವ, ಪ್ರಮಿಳಾ ಮೂವರೂ ನೆಹರು ನಗರದ ಆಸ್ಪತ್ರೆಗೆ ಹೋದರು. ವಾರ್ಡಿನ ಕಿಟಕಿಯಿಂದ ಬಂದ ಬಿಸಿಲು ಮಾಯಪ್ಪನ ಮಂಚದ ಮೇಲೆ ಬಿದ್ದಿತ್ತು. ಕೊರಳಿಗೆ ಬಿಳಿ ಪಟ್ಟಿ, ಮಡಿಲಲ್ಲಿ ಪಾಟಿ. ಪ್ರಮಿಳಾ ಮಂಚದ ಅಂಚಿಗೆ ಕೂತು ನಡೆದದ್ದೆಲ್ಲ ಹೇಳಿದಳು. ಚುಕ್ಕೆ ನಿಂತದ್ದು, ಗುಂಡಿ ಮರೆತದ್ದು, ಏಳು ನುಡಿ, ಕೆರೆ, ಬಿಳಿ ಮಂಜಿನಿಂದ ಎದ್ದ ಗುಡ್ಡದ ನೆತ್ತಿ. ಮಾಯಪ್ಪ ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡು ಕೇಳಿದ. ಗುಡ್ಡದ ಮಾತು ಬಂದಾಗ ಕಣ್ಣು ಮುಚ್ಚಿದ.

“ಕಾಕಾ ಹೇಳಿದ್ದಕ್ಕ ಏರಿದೆ ಅಪ್ಪಾ. ಮೇಡಂ ಇಳಿ ಅಂದಿದ್ರಂತ. ಕಾಕಾ ಏರು ಅಂದ.”

ಮಾಯಪ್ಪ ತಮ್ಮನ ಕಡೆ ತಿರುಗಿದ. ಬಹಳ ಹೊತ್ತು ನೋಡಿದ. ಇವನು ಯಾರು ಎಂದು ಗುರುತು ಹಿಡಿಯುವವನ ಹಾಗೆ ನೋಡಿದ. ರಾಮಲಿಂಗ ಏನು ಮಾಡಬೇಕೋ ತಿಳಿಯದೆ ಹೂಜಿಗೆ ಕೈ ಹಾಕಿದ. ಮಾಯಪ್ಪ ತಲೆ ಅಲ್ಲಾಡಿಸಿ, ನೀರು ಬೇಡ ಎಂದು ಸನ್ನೆ ಮಾಡಿದ. ಬಳಪ ಎತ್ತಿಕೊಂಡು ಪಾಟಿಯ ಮೇಲೆ ಒಂದು ಮಾತು ಬರೆದು ತಮ್ಮನ ಮುಂದೆ ಹಿಡಿದ.

‘ಎತ್ತು.’

“ಎತ್ತು,” ಎಂದು ತಿರುಗಿ ಓದಿದ ರಾಮಲಿಂಗ. ಓದಿದ ಮೇಲೆ ಅರ್ಥವಾಯಿತು. “ನನಗ ಆಗೂದಿಲ್ಲಣ್ಣಾ. ನೀ ಇದ್ದಾಗ ನಾ ಹೆಂಗ ಎತ್ತಲಿ?”

ಮಾಯಪ್ಪ ‘ಎತ್ತು’ ಎಂಬುದರ ಕೆಳಗೆ ಎರಡು ಗೆರೆ ಎಳೆದ.

ಪಕ್ಕದ ಮಂಚದವರು ಎದ್ದು ಕೂತು ನೋಡತೊಡಗಿದ್ದರು. ಬಾಳವ್ವ ಬಾಗಿಲ ಕಡೆ ಸರಿದು ಸೆರಗು ಬಾಯಿಗೆ ಇಟ್ಟುಕೊಂಡಳು. ರಾಮಲಿಂಗ ಗಂಟಲು ಸರಿಮಾಡಿಕೊಂಡು, ಸಣ್ಣ ದನಿಯಲ್ಲಿ, ಅಪ್ಪನ ಪದದ ಮೊದಲ ಸಾಲು ಎತ್ತಿದ. ದನಿ ಒಂದು ಕಡೆ ಒಡೆಯಿತು, ಆದರೂ ಸಾಲು ಮುಗಿಯಿತು. ಮುಗಿದ ಮೇಲೆ ಅಭ್ಯಾಸಬಲದಿಂದ ತಾನೇ ತಿರುಗಿ ಹಾಡಲು ಬಾಯಿ ತೆರೆದ.

ಅಷ್ಟರಲ್ಲಿ ಮಂಚದ ಕಬ್ಬಿಣದ ಕಂಬಿಯ ಮೇಲೆ ಟಕ್ ಎಂದು ಸದ್ದಾಯಿತು. ಮಾಯಪ್ಪನ ಬೆರಳುಗಳು. ಸಾಲಿನ ಒಂದೊಂದು ಅಕ್ಷರಕ್ಕೂ ಒಂದೊಂದು ಪೆಟ್ಟು, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು. ತುಟಿಗಳೂ ಅಲುಗುತ್ತಿದ್ದವು.

ರಾಮಲಿಂಗ ಬಾಯಿ ಮುಚ್ಚಿಕೊಂಡು ಕಾದ. ಅಣ್ಣನ ಬೆರಳು ಸಾಲು ಮುಗಿಸಿ ನಿಂತ ಮೇಲೆ ಉಸಿರು ತೆಗೆದುಕೊಂಡು ಎರಡನೆಯ ಸಾಲು ಎತ್ತಿದ.